ಸೊಂಟದ ಕೀಲು ಬದಲಿಸಿದ ಮೇಲೆ: ನೋವಿನ ನಿರ್ವಹಣೆ, ಕೊಟ್ಟಿಗೆಗೆ ಮರಳುವ ದಾರಿ



ಗಂಜಲ ಬಿದ್ದ ಕೊಟ್ಟಿಗೆಯ ನೆಲದಲ್ಲಿ ವಯಸ್ಸಾದವರು ಜಾರಿದರೆ ಚಪ್ಪೆ, ಅಂದರೆ ಸೊಂಟದ ಕೀಲಿನ ಮೂಳೆ, ಮುರಿಯುವುದುಂಟು. ಇನ್ನು ಕೆಲವರಿಗೆ ವಯಸ್ಸಿನಿಂದ ಕೀಲು ಸವೆದಿರುತ್ತದೆ. ಮತ್ತೆ ಕೆಲವರಿಗೆ ರಕ್ತ ಸಂಚಾರ ನಿಂತು ತೊಡೆಮೂಳೆಯ ತಲೆಭಾಗವೇ ಹಾಳಾಗಿರುತ್ತದೆ. ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ, ಅವನ್ನು ಬಹಳ ದಿನ ನುಂಗಿದವರಿಗೂ ಹೀಗಾಗಬಹುದು. ಇಂಥವರಿಗೆ ವೈದ್ಯರು ಕೀಲು ಬದಲಿಸುವ ಆಪರೇಷನ್ ಹೇಳುತ್ತಾರೆ. ಆಗ ನಮ್ಮ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ, "ಹಸು ಯಾರು ನೋಡ್ಕೋತಾರೆ?" ಎರಡನೆಯದು, "ನಾನು ಮತ್ತೆ ಹಾಲು ಕರೆಯೋಕೆ ಆಗುತ್ತಾ?"

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಸೊಂಟದ ಕೀಲು ಬಟ್ಟಲಿನೊಳಗೆ ಗುಂಡು ಕೂತ ಹಾಗಿದೆ. ಹಾಳಾದ ಗುಂಡನ್ನು ತೆಗೆದು ಲೋಹದ ಅಥವಾ ಸೆರಾಮಿಕ್‌ನ ಗುಂಡು ಕೂರಿಸುತ್ತಾರೆ, ಬಟ್ಟಲಿಗೆ ಹೊಸ ಒಳಪದರ ಹಾಕುತ್ತಾರೆ. ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್ಲಿ 1962ರಲ್ಲಿ ರೂಢಿಗೆ ತಂದ ವಿಧಾನವೇ ಇಂದಿನ ಆಪರೇಷನ್‌ಗೆ ತಳಹದಿ. 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹಾಕಿದ ಹತ್ತು ಕೀಲುಗಳಲ್ಲಿ ಸುಮಾರು ಆರು 25 ವರ್ಷ ಬಾಳುತ್ತವೆ.

ನೋವು ಎಷ್ಟು ದಿನ?

ಕೀಲಿನೊಳಗಿನ ಹಳೆಯ ನೋವು ಬೇಗ ಹೋಗುತ್ತದೆ. ಅದರ ಜಾಗದಲ್ಲಿ ಗಾಯದ ನೋವು ಬರುತ್ತದೆ. ಮೊದಲ ಎರಡು ವಾರ ಇದು ಹೆಚ್ಚು. ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಆರು ವಾರದ ಹೊತ್ತಿಗೆ ಹೆಚ್ಚಿನವರು ಸಾಕಷ್ಟು ಸುಧಾರಿಸುತ್ತಾರೆ, ಪೂರ್ತಿ ಬಲ ಬರಲು ಆರು ತಿಂಗಳಿಂದ ಒಂದು ವರ್ಷ ಬೇಕಾಗಬಹುದು. ಸಂಜೆ ಹೊತ್ತು ಕಾಲು ಸ್ವಲ್ಪ ಊದುವುದು ಕೆಲವು ತಿಂಗಳು ಇರುತ್ತದೆ.

ನೋವು ತಡೆದುಕೊಂಡು ಮಲಗಿದರೆ ಲಾಭವಿಲ್ಲ. ಮಲಗಿಯೇ ಇದ್ದರೆ ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ, ಸ್ನಾಯು ಸೊರಗುತ್ತದೆ. ನೋವು ಹತೋಟಿಯಲ್ಲಿದ್ದರೆ ನಡೆಯಬಹುದು, ನಡೆದರೆ ಬೇಗ ಗುಣವಾಗುತ್ತದೆ. ಅದಕ್ಕೆ:

• ವೈದ್ಯರು ಬರೆದ ಮಾತ್ರೆಯನ್ನು ಮೊದಲ ದಿನಗಳಲ್ಲಿ ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಳ್ಳಿ. ನೋವು ಏರಿದ ಮೇಲೆ ನುಂಗಿದರೆ ಇಳಿಯುವುದು ತಡ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಒಂದು ಹೊತ್ತಿನ ಮಾತ್ರೆ ಬರುವಂತೆ ನೋಡಿಕೊಳ್ಳಿ.
• ಪ್ಯಾರಸಿಟಮಾಲ್ ಜ್ವರದ, ನೆಗಡಿಯ ಮಾತ್ರೆಗಳಲ್ಲೂ ಇರುತ್ತದೆ. ಎರಡೂ ಸೇರಿ ಪ್ರಮಾಣ ಮೀರಿದರೆ ಲಿವರ್‌ಗೆ ಪೆಟ್ಟು.
• ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆ ಅಥವಾ ಇಂಜೆಕ್ಷನ್ ನಿಲ್ಲಿಸಬೇಡಿ. ಅದರ ಜೊತೆ ಮೆಡಿಕಲ್ ಶಾಪಿನಿಂದ ಬೇರೆ ನೋವಿನ ಮಾತ್ರೆ ತಂದು ನುಂಗಲೂ ಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಕಿಡ್ನಿಗೂ ಕೆಡುಕು.
• ಟ್ರಾಮಡಾಲ್‌ನಂಥ ಮಾತ್ರೆಯಿಂದ ತಲೆಸುತ್ತು, ಮಲಬದ್ಧತೆ ಬರುತ್ತದೆ. ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ರಾತ್ರಿ ಒಬ್ಬರೇ ಎದ್ದು ಹೋಗಬೇಡಿ.
• ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಗಾಯ ನೆನೆಯದಿರಲಿ. ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ನಾಟಿ ಕಟ್ಟು ಯಾವುದೂ ಬೇಡ.

ಪಥ್ಯ ಬೇಕೆ?

ನಂಜಾಗುತ್ತದೆ ಎಂದು ಬದನೆಕಾಯಿ, ಮೊಸರು, ಮೊಟ್ಟೆ, ಬೇಳೆ ಬಿಟ್ಟುಬಿಡುವವರಿದ್ದಾರೆ. ಗಾಯ ಮಾಯಲು ಬೇಕಾದ ಪೌಷ್ಟಿಕಾಂಶ ಇವುಗಳಲ್ಲೇ ಇದೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಹಾಲು, ಮೊಸರು ಎಲ್ಲ ತಿನ್ನಿ. ಡೇರಿಗೆ ಹಾಕುವ ಹಾಲಿನಲ್ಲಿ ನಿಮ್ಮ ಪಾಲಿನ ಒಂದು ಲೋಟ ಮನೆಯಲ್ಲಿ ಉಳಿಯಲಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿಡುವುದು ಗಾಯಕ್ಕೆ ಬಹಳ ಮುಖ್ಯ.

ಕೂರುವುದು, ಏಳುವುದು, ನಡೆಯುವುದು

ಹೊಸ ಕೀಲು ಬಟ್ಟಲಿನಿಂದ ಜಾರುವ ಅಪಾಯ ಮೊದಲ ಆರರಿಂದ ಹನ್ನೆರಡು ವಾರದಲ್ಲಿ ಹೆಚ್ಚು. ಯಾವ ಕಡೆಯಿಂದ ಕೊಯ್ದಿದ್ದಾರೆ ಎಂಬುದರ ಮೇಲೆ ನಿಯಮ ಸ್ವಲ್ಪ ಬದಲಾಗುತ್ತದೆ, ನಿಮ್ಮ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಹೇಳುವುದು ಇಷ್ಟು: ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು.

ಹಾಗಾಗಿ ನೆಲದ ಮೇಲೆ, ಮಣೆಯ ಮೇಲೆ ಕೂರುವಂತಿಲ್ಲ. ಪ್ಲಾಸ್ಟಿಕ್ ಕುರ್ಚಿ ತಗ್ಗಾಗಿದ್ದರೆ ಎರಡು ಕುರ್ಚಿ ಒಂದರೊಳಗೊಂದು ಸೇರಿಸಿ, ಮೇಲೆ ಗಟ್ಟಿ ದಿಂಬು ಹಾಕಿ. ಕೈ ಇರುವ ಕುರ್ಚಿಯೇ ಆಗಲಿ. ಆಸ್ಪತ್ರೆಗೆ ಹೋಗುವ ಮೊದಲೇ ಕಮೋಡ್ ಅಥವಾ ಕಮೋಡ್ ಕುರ್ಚಿಯ ಏರ್ಪಾಡು ಮಾಡಿಕೊಳ್ಳಿ. ಮಲಗುವಾಗ ಮಂಡಿಗಳ ನಡುವೆ ದಿಂಬಿರಲಿ.

ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ. ದಿನಕ್ಕೆ ನಾಲ್ಕೈದು ಸಲ ವಾಕರ್ ಹಿಡಿದು ಸ್ವಲ್ಪ ಸ್ವಲ್ಪ ನಡೆಯಿರಿ. ಮುಂದೆ ಕೋಲು ಹಿಡಿಯುವಾಗ ಆಪರೇಷನ್ ಆಗದ ಕಡೆಯ ಕೈಯಲ್ಲಿ ಹಿಡಿಯಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ನಡೆದ ಮೇಲಿನ ನೋವು ಮಾರನೇ ಬೆಳಿಗ್ಗೆಗೂ ಇಳಿಯದಿದ್ದರೆ ನಡಿಗೆ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ.

ಗುಬ್ಬಿಯಿಂದ ತುಮಕೂರಿಗೋ ಕುಣಿಗಲ್‌ನಿಂದ ಬೆಂಗಳೂರಿಗೋ ತಪಾಸಣೆಗೆ ಹೋಗುವಾಗ ಎತ್ತರದ ಮೆಟ್ಟಿಲಿನ ಬಸ್ಸು ಬೇಡ. ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಮೊದಲು ಕೂತು, ಆಮೇಲೆ ಕಾಲು ಒಳಗೆ ತನ್ನಿ.

ಕೊಟ್ಟಿಗೆ ಕೆಲಸ ಯಾವಾಗ?

ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವಾಗ ಮಂಡಿ ಎದೆಗೆ ತಾಗುತ್ತದೆ. ಹೊಸ ಕೀಲಿಗೆ ಇದೇ ದೊಡ್ಡ ಅಪಾಯ. ಮೊದಲ ಮೂರು ತಿಂಗಳು ಕರೆಯುವುದು, ಸಗಣಿ ಬಾಚುವುದು, ಹುಲ್ಲಿನ ಹೊರೆ ಮತ್ತು ತುಂಬಿದ ಕ್ಯಾನ್ ಎತ್ತುವುದು ಬೇರೆಯವರ ಕೆಲಸವಾಗಲಿ. ಹಸು ಒದ್ದರೆ, ಗುದ್ದಿದರೆ ಕೀಲು ಜಾರಬಹುದು. ಹಗ್ಗ ಹಿಡಿಯುವುದೂ ಬೇಡ. ಆಮೇಲೂ ಎತ್ತರದ ಸ್ಟೂಲು, ಹಾಲು ಕರೆಯುವ ಯಂತ್ರ, ಉದ್ದ ಹಿಡಿಯ ಸಗಣಿ ಗುದ್ದಲಿ ಬಳಸುವುದು ಲೇಸು. ಕುಕ್ಕರುಗಾಲು ಇನ್ನು ಮುಂದೆ ಬೇಡವೇ ಬೇಡ ಎಂದು ಕೆಲವರಿಗೆ ವೈದ್ಯರು ಹೇಳುತ್ತಾರೆ, ಕೇಳಿ ತಿಳಿದುಕೊಳ್ಳಿ.

ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಸಿ ಹಾಲು ಕುಡಿಯಬೇಡಿ. ಅಪರೂಪವಾದರೂ ಕಂದು ರೋಗದ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ಅಂಟಿದ್ದುಂಟು.

ಆಪರೇಷನ್ ದಿನ ಗೊತ್ತಾದ ಕೂಡಲೇ ಮನೆಯವರ ಜೊತೆ ಕೂತು ಮೂರು ತಿಂಗಳ ಕೆಲಸ ಹಂಚಿ. ಸೊಸೆಯೊಬ್ಬಳ ಮೇಲೇ ಎಲ್ಲ ಹೊರಿಸದೆ ಗಂಡಸರೂ ಕರೆಯಲು ಕಲಿಯಲಿ. ಬೇರೆಯವರು ಹಾಲು ತಂದು ಹಾಕಿದರೂ ನಿಮ್ಮ ನಂಬರಿಗೇ ಬರೆಸುವ ಬಗ್ಗೆ ಸಂಘದ ಕಾರ್ಯದರ್ಶಿಯೊಡನೆ ಮೊದಲೇ ಮಾತಾಡಿ.

ತಡಮಾಡದೆ ಆಸ್ಪತ್ರೆಗೆ

• ತಟ್ಟನೆ ಭಾರೀ ನೋವು, ಕಾಲು ಗಿಡ್ಡವಾದಂತೆ ಅಥವಾ ತಿರುಚಿದಂತೆ ಕಾಣುವುದು
• ಮೀನಖಂಡದಲ್ಲಿ ಊತ, ನೋವು, ಬಿಸಿ
• ಗಾಯದಲ್ಲಿ ಕೀವು, ಕೆಂಪು ಹೆಚ್ಚುವುದು, ಚಳಿಜ್ವರ
• ಉಸಿರು ಕಟ್ಟುವುದು, ಎದೆನೋವು; ಇದಕ್ಕೆ ಕೂಡಲೇ 108 ಕರೆಯಿರಿ

ಕೀಲು ಜಾರಿದರೆ ಎಳೆದು ಕೂರಿಸಲು ಯಾರಿಗೂ ಬಿಡಬೇಡಿ.

ಖರ್ಚಿನ ಮಾತು

ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿತ್ತು. 2022-23ರಲ್ಲಿ ಮತ್ತೆ ಬಂದಿದೆ. ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಮಿತಿ ಇದೆ. ಸದಸ್ಯತ್ವವನ್ನು ಪ್ರತಿ ವರ್ಷ ನವೀಕರಿಸಬೇಕು, ಕಾಯಿಲೆ ಬಂದ ಮೇಲೆ ಓಡಾಡಿದರೆ ಅವಧಿ ಮುಗಿದಿರಬಹುದು. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಬಗ್ಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಶಿಫಾರಸು ಪತ್ರ ಪಡೆಯಿರಿ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯೇ, ಕೀಲಿನ ಬೆಲೆಯೂ ಅದರಲ್ಲಿ ಸೇರಿದೆಯೇ ಎಂದು ದಾಖಲಾಗುವ ಮುನ್ನ ಕೇಳಿ.

ಮನೆಗೆ ಬರುವಾಗ ಡಿಸ್ಚಾರ್ಜ್ ಚೀಟಿ, ಹಾಕಿದ ಕೀಲಿನ ಸ್ಟಿಕ್ಕರ್ ಇರುವ ಕಾಗದ ಕೇಳಿ ಪಡೆದು, ಹಾಲಿನ ಪಾಸ್‌ಬುಕ್ ಇಡುವ ಜಾಗದಲ್ಲೇ ಜೋಪಾನವಾಗಿಡಿ. ಇಪ್ಪತ್ತು ವರ್ಷದ ಮೇಲೆ ಬೇಕಾದರೂ ಆ ಕಾಗದ ಕೆಲಸಕ್ಕೆ ಬರುತ್ತದೆ.