ಗಣಿಯ ಬೆಳಕು, ಹಳ್ಳಿಯ ಬುಡ್ಡಿ

“ಸಾರ್, ನಮ್ಮ ಜಿಲ್ಲೆಗೆ 1902ರಲ್ಲೇ ಕರೆಂಟು ಬಂತಂತೆ. ಹಾಗಾದರೆ ನಮ್ಮ ತಾತ ಯಾಕೆ ಸೀಮೆಎಣ್ಣೆ ಬುಡ್ಡೀಲಿ ಓದಿದ್ದು?” ವಕ್ಕಲೇರಿಯ ಹುಡುಗನೊಬ್ಬ ತರಗತಿಯಲ್ಲಿ ಕೇಳಿದ ಪ್ರಶ್ನೆಯಿದು. ಅವನಿಗೆ ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿದ್ದೇನೆ.

ಆ ವರ್ಷ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯಲ್ಲಿ ಹರಿದು ಬಂದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರಲ್ಲಿ. ರಾಜಧಾನಿಗಿಂತ ಮೊದಲು ಗಣಿಗೇಕೆ? ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಗಣಿಗಳು ವಿದ್ಯುತ್ತಿಗೆ ಹಣ ಕೊಡುತ್ತಿದ್ದವು, ಚಿನ್ನದ ಮೇಲೆ ಸರಕಾರಕ್ಕೆ ರಾಜಧನವನ್ನೂ ಸಲ್ಲಿಸುತ್ತಿದ್ದವು. ಹಳ್ಳಿಯ ರೈತ ಏನು ಕೊಟ್ಟಾನು?

ಕಾರ್ಯ ಇಷ್ಟು ಬೇಗ ಕೈಗೂಡಿದುದಕ್ಕೆ ಆಡಳಿತದ ಬಗೆಯೂ ಕಾರಣವೇ. ಮಹಾರಾಜರ ಹೆಸರಿನಲ್ಲಿ ದಿವಾನರು ಆಳುತ್ತಿದ್ದ ಕಾಲವದು. ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರವರೆಗೆ ಆ ಪದವಿಯಲ್ಲಿದ್ದರು. ತಾವು ಹಿಡಿದ ಈ ಯೋಜನೆ ಬೆಳಕು ಕೊಡುವ ಮೊದಲೇ ತೀರಿಕೊಂಡರು. ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಸೇರಿತ್ತು, ನಿಜ. ಆದರೆ ಅದು ಅಹವಾಲು ಹೇಳಬಹುದಾಗಿತ್ತೇ ಹೊರತು ದಿವಾನರ ಕೈ ಹಿಡಿಯುವಂತಿರಲಿಲ್ಲ. ಅಲ್ಲಿ ಕುಳಿತವರೂ ಬಹುಮಟ್ಟಿಗೆ ಜಮೀನುದಾರರು, ವರ್ತಕರು. ಸಂಸ್ಕೃತದಲ್ಲಿ ‘ಪ್ರಜಾ’ ಎಂದರೆ ಮಕ್ಕಳೆಂದೂ ಅರ್ಥ. ಅಂದಿನ ಸರಕಾರ ಆ ಅರ್ಥವನ್ನೇ ಹಿಡಿದಂತೆ ನನಗೆ ತೋರುತ್ತದೆ: ತಂದೆ ತೀರ್ಮಾನಿಸುವನು, ಮಕ್ಕಳು ಕೇಳಿಕೊಳ್ಳುವರು.

ಇನ್ನು ಗಣಿಯೂರಿನೊಳಗಿನ ಮಾತು. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಪಾತಾಳಕ್ಕಿಳಿದು ಬಂಡೆ ಒಡೆದವರಿಗೆ ಬಿದಿರು ತಟ್ಟಿಯ ಸಾಲುಮನೆ. ಅವರಲ್ಲಿ ಬಹುಮಂದಿ ಉತ್ತರ ಆರ್ಕಾಟು ಮುಂತಾದ ತಮಿಳು ಸೀಮೆಗಳಿಂದ ಬಂದ ದಲಿತರು. ಊರಿನ ಜಾತಿಯ ಕಟ್ಟಿನಿಂದ ತಪ್ಪಿಸಿಕೊಂಡು ಕೈಗೆ ಕೂಲಿ ಕಂಡರೆಂಬುದನ್ನೂ ಮರೆಯಬಾರದು. ಅವರ ಮಕ್ಕಳು ಅಲ್ಲಿಯೇ ಅಕ್ಷರ ಕಲಿತರು. ಆದರೆ ಬಂಡೆಯ ಧೂಳು ಎಷ್ಟೋ ಜನರ ಶ್ವಾಸಕೋಶವನ್ನು ತಿಂದಿತು. 1930ರಲ್ಲಿ ಕೂಲಿಗಳೆಲ್ಲರ ಬೆರಳಚ್ಚು ತೆಗೆದು ದಾಖಲಿಸಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ನಾವೇನು ಕಳ್ಳರೆ, ಎಂಬುದೇ ಅವರ ಸಂಕಟ. ಕೂಲಿಗಿಂತ ಮಾನ ದೊಡ್ಡದಾದ ಆ ಮುಷ್ಕರ ನಮ್ಮ ಪಠ್ಯಗಳಲ್ಲಿ ಒಂದು ಸಾಲಾದರೂ ಇರಬೇಕಿತ್ತು.

1956ರಲ್ಲಿ ಗಣಿಗಳು ಮೈಸೂರು ಸರಕಾರದ ವಶಕ್ಕೆ ಬಂದವು, 2001ರಲ್ಲಿ ಮುಚ್ಚಿದವು. ಸಯನೈಡು ದಿಬ್ಬಗಳ ಧೂಳು ಮಾತ್ರ ಗಾಳಿ ಎದ್ದಾಗ ಇಂದಿಗೂ ಮನೆಗಳ ಮೇಲೆ ಹಾರಿ ಬೀಳುತ್ತದೆ. ಗಣಿಗಿಳಿದವರ ಮೊಮ್ಮಕ್ಕಳು ಕೆಲಸಕ್ಕೆಂದು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಹಿಂದಿರುಗುತ್ತಾರೆ.