ಪ್ರತಿಕಾಯದ ಬಲವನ್ನು ಅಳೆಯುವ ಬಗೆ

“ಎರಡು ಸಲ ಚುಚ್ಚುಮದ್ದು ಹಾಕಿಸಿಕೊಂಡರೂ ಕೊರೋನಾ ಬಂದಿತಲ್ಲ, ಲಸಿಕೆಯಿಂದ ಆದ ಫಲವೇನು?” ಎಂಬ ಪ್ರಶ್ನೆ 2022ರ ಆದಿಯಲ್ಲಿ ಹಾಸನ, ಅರಕಲಗೂಡು, ಹೊಳೆನರಸೀಪುರಗಳಲ್ಲೆಲ್ಲ ಕೇಳಿಬರುತ್ತಿತ್ತು. ಪ್ರಶ್ನೆ ನ್ಯಾಯವಾದುದೇ. ಈ ರೋಗ ನಮ್ಮ ಜಿಲ್ಲೆಗೆ ಮೊದಲು ಕಾಲಿಟ್ಟುದು 2020ರ ಮೇ ತಿಂಗಳಿನಲ್ಲಿ, ಮುಂಬಯಿಯಿಂದ ಚನ್ನರಾಯಪಟ್ಟಣಕ್ಕೆ ಹಿಂದಿರುಗಿದವರೊಡನೆ. ಆಗಿನ ವೈರಸ್ಸು ಒಂದು. 2021ರ ಡಿಸೆಂಬರ್ 2ರಂದು ಬೆಂಗಳೂರಿನಲ್ಲಿ ಪತ್ತೆಯಾದುದಾಗಿ ಪ್ರಕಟವಾದ ಒಮಿಕ್ರಾನ್ ಇನ್ನೊಂದು. ಭಾರತದ ಆ ಮೊದಲ ಇಬ್ಬರು ರೋಗಿಗಳೂ ಲಸಿಕೆ ಪಡೆದವರೇ.

ಪ್ರತಿಕಾಯವೆಂಬುದು ರಕ್ತದಲ್ಲಿರುವ ಒಂದು ಪ್ರೋಟೀನು. ವೈರಸ್ಸಿನ ಮೈಮೇಲಿನ ಮುಳ್ಳುಗಳ ತುದಿಯನ್ನು ಅದು ಕವಿದುಕೊಂಡರೆ ವೈರಸ್ಸು ನಮ್ಮ ಜೀವಕೋಶಕ್ಕೆ ಅಂಟಲಾರದು. ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳೆರಡೂ ಮೊದಲ ಕಾಲದ ವೈರಸ್ಸಿಗೆ ತಕ್ಕಂತೆ ತಯಾರಾದುವು. ಒಮಿಕ್ರಾನಿನ ಮುಳ್ಳಿನಲ್ಲಾದರೋ ಮೂವತ್ತಕ್ಕೂ ಮಿಕ್ಕಿ ಬದಲಾವಣೆಗಳಿದ್ದುವು. ಸುಮಾರು ಅರ್ಧದಷ್ಟು ಜೀವಕೋಶವನ್ನು ಹಿಡಿಯುವ ಭಾಗದಲ್ಲಿಯೇ.

ಹಾಗಾದರೆ ಹಳೆಯ ಪ್ರತಿಕಾಯದ ಬಲ ಎಷ್ಟು ಕುಂದಿತು? ಇದನ್ನು ಅಳೆಯುವ ಕ್ರಮ ಬಲು ಸರಳ. ರಕ್ತ ಹೆಪ್ಪುಗಟ್ಟಿದ ಬಳಿಕ ಉಳಿಯುವ ತಿಳಿಯಾದ ಸೀರಮನ್ನು, ಮಜ್ಜಿಗೆಗೆ ನೀರು ಬೆರೆಸುವಂತೆ, ಹಂತಹಂತವಾಗಿ ಅರ್ಧರ್ಧಕ್ಕೆ ತೆಳುಮಾಡುತ್ತಾರೆ. ಒಂದೊಂದು ಹಂತಕ್ಕೂ ಒಂದೇ ಮೊತ್ತದ ವೈರಸ್ಸನ್ನು ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು, ತಟ್ಟೆಯಲ್ಲಿ ಬೆಳೆಸಿದ ಕೋತಿಯ ಮೂತ್ರಪಿಂಡದ ಜೀವಕೋಶಗಳ ಮೇಲೆ ಹಾಕುತ್ತಾರೆ. ವೈರಸ್ಸು ತಪ್ಪಿಸಿಕೊಂಡೆಡೆಯಲ್ಲಿ ಜೀವಕೋಶಗಳು ಸತ್ತು ಚುಕ್ಕೆ ಬೀಳುತ್ತದೆ. ಚುಕ್ಕೆಗಳನ್ನು ಅರ್ಧಕ್ಕಿಳಿಸಬಲ್ಲ ಕಟ್ಟಕಡೆಯ ಹಂತವೇ ಸೀರಮಿನ ಬಲದ ಅಳತೆ. ಭೌತಶಾಸ್ತ್ರದವನಾದ ನನಗೆ ಈ ಎಣಿಕೆಯಷ್ಟು ಮೆಚ್ಚುಗೆಯಾದ ಅಳತೆ ಜೀವಶಾಸ್ತ್ರದಲ್ಲಿ ಬೇರೊಂದಿಲ್ಲ.

ಉದಾಹರಣೆಗೆ, ಹಳೆಯ ವೈರಸ್ಸನ್ನು 640 ಪಟ್ಟು ತೆಳುವಾದಾಗಲೂ ತಡೆಯುವ ಸೀರಮು ಒಮಿಕ್ರಾನನ್ನು 20 ಪಟ್ಟಿನವರೆಗೆ ಮಾತ್ರ ತಡೆಯಿತೆನ್ನಿ. ಬಲ ಕುಂದಿದುದು 32 ಪಟ್ಟು, ಅಂದರೆ ಐದು ಹಂತ. ಎರಡು ಚುಚ್ಚುಮದ್ದು ಪಡೆದವರ ಸೀರಮಿನಲ್ಲಿ ಹಲವು ಪ್ರಯೋಗಶಾಲೆಗಳು 20ರಿಂದ 40 ಪಟ್ಟಿನ ಇಳಿತವನ್ನು ಕಂಡುವು. 2021ರ ಬೇಸಗೆಯಲ್ಲಿ ನಮ್ಮನ್ನು ಕಂಗೆಡಿಸಿದ ಡೆಲ್ಟಾದ ವಿಷಯದಲ್ಲಿ ಇಳಿತ ಕೆಲವೇ ಪಟ್ಟಿನದು.

ಆದರೆ ಬಲ 32 ಪಟ್ಟು ಇಳಿದರೆ ರಕ್ಷಣೆಯೂ 32 ಪಟ್ಟು ಇಳಿಯಿತೆಂದು ಭಾಗಾಕಾರ ಮಾಡಕೂಡದು. ಸೋಂಕನ್ನು ಮೂಗಿನಲ್ಲಿಯೇ ತಡೆಯಲು ಪ್ರತಿಕಾಯ ಹೇರಳವಾಗಿ ಬೇಕು. ರೋಗ ಉಲ್ಬಣಿಸದಂತೆ ತಡೆಯಲು ಬಹಳ ಕಡಿಮೆ ಸಾಕು. ಅಲ್ಲದೆ ಟಿ-ಕಣಗಳೆಂಬ ಬಿಳಿಯ ರಕ್ತಕಣಗಳು ವೈರಸ್ಸಿನ ಪ್ರೋಟೀನಿನ ಚಿಕ್ಕ ಚಿಕ್ಕ ತುಣುಕುಗಳನ್ನು ಗುರುತಿಸುತ್ತವೆ. ಒಮಿಕ್ರಾನಿನಲ್ಲಿ ಈ ತುಣುಕುಗಳಲ್ಲಿ ಹೆಚ್ಚಿನವು ಬದಲಾಗಿರಲಿಲ್ಲ. ಲಸಿಕೆ ಪಡೆದವರಿಗೆ ಜ್ವರ ಬಂದರೂ ಬಹುಮಂದಿ ಆಸ್ಪತ್ರೆ ಸೇರದೆ ಗುಣಹೊಂದಿದುದರಲ್ಲಿ ಇವೆರಡರ ಪಾಲೂ ಇದೆ.

ಮೂರನೆಯ ಚುಚ್ಚುಮದ್ದಾದ ಕೆಲವು ವಾರಗಳಲ್ಲಿ ಸೀರಮು ಕಳೆದುಕೊಂಡ ಹಂತಗಳಲ್ಲಿ ಹಲವನ್ನು ಮರಳಿ ಏರಿತು. ನಮ್ಮ ದೇಶದಲ್ಲಿ ಅದನ್ನು 2022ರ ಜನವರಿ 10ರಿಂದ, ಮೊದಲಿಗೆ ಆರೋಗ್ಯ ಸಿಬ್ಬಂದಿ ಮುಂತಾದವರಿಗೂ ಬೇರೆ ಕಾಯಿಲೆಗಳಿದ್ದ ವೃದ್ಧರಿಗೂ ಕೊಡಲಾಯಿತು.