ಜೇನು ತೂಗುವ ಸಂಘ

ಬೀಚನಹಳ್ಳಿಗೆ ಹೋದವರ ಕಣ್ಣು ನೆಡುವುದು ಕಬಿನಿ ಅಣೆಕಟ್ಟೆಯ ಮೇಲೆ. 1974ರಲ್ಲಿ ಮುಗಿದ ಈ ಕಟ್ಟೆಯ ಹಿನ್ನೀರು ಊರುಗಳನ್ನಷ್ಟೇ ಅಲ್ಲ, ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಕಾಕನಕೋಟೆಯ ಕಾಡನ್ನೂ ಮುಳುಗಿಸಿತು. ಆ ಕಾಡಿನ ಕುರುಬರನ್ನು ಮಾಸ್ತಿಯವರ ನಾಟಕದಿಂದ ನಾವು ಬಲ್ಲೆವು. ಅವರ ಮಕ್ಕಳು ಮರಿಗಳು ಈಗ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಲ್ಲಿದ್ದಾರೆ. ಅವರ ಬದುಕಿನೊಡನೆ ಹೆಣೆದುಕೊಂಡ ಸಂಸ್ಥೆಯೊಂದಿದೆ. ಸಫಾರಿಗೆ ಬಂದವರು ಅದನ್ನು ಕಾಣದೆಯೇ ಹಿಂತಿರುಗುತ್ತಾರೆ. ಜನರ ಬಾಯಲ್ಲಿ ಅದು ‘ಲ್ಯಾಂಪ್ಸ್’.

ಬಿಡಿಸಿ ಹೇಳಿದರೆ, ಗಿರಿಜನರ ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘ. ಕೇಂದ್ರ ಸರ್ಕಾರ 1971ರಲ್ಲಿ ನೇಮಿಸಿದ ಬಾವಾ ಸಮಿತಿಯ ಸಲಹೆಯಿಂದ ಹುಟ್ಟಿದ್ದು. ಕಾಡಿನಿಂದ ತಂದ ಸೀಗೆ, ಅಂಟುವಾಳ, ನೆಲ್ಲಿ, ಅಳಲೆ, ಮೇಣವನ್ನು ಹಳೆಯ ಸಾಲಕ್ಕೆ ವಜಾ ಹಾಕಿಸಿಕೊಂಡು ಸಾಹುಕಾರನಿಗೆ ಸುರಿದು ಬರುತ್ತಿದ್ದವರಿಗೆ ತಮ್ಮದೇ ತಕ್ಕಡಿ ಇರಲಿ, ಸಾಲವೂ ದಿನಸಿಯೂ ಅದೇ ಬಾಗಿಲಲ್ಲಿ ಸಿಗಲಿ ಎಂಬುದು ಉದ್ದೇಶ.

ಆ ತಕ್ಕಡಿಗೆ ಬರುವ ಜೇನಿನ ಹಿಂದೆ ದೊಡ್ಡ ವಿದ್ಯೆಯಿದೆ. ತುಡುವೆ ಪೊಟರೆಯಲ್ಲಿ ಕೂರುತ್ತದೆ, ಕೋಲುಜೇನು ಪೊದೆಯ ಕಡ್ಡಿಗೆ ಕಟ್ಟುತ್ತದೆ. ಹೆಜ್ಜೇನಿನದು ಎತ್ತರದ ಮರ. ಅದನ್ನು ಕೀಳುವುದು ಕತ್ತಲಲ್ಲಿ. ಹಸಿಸೊಪ್ಪಿನ ಹೊಗೆ ಹಿಡಿದು, ಹುಳುಗಳನ್ನು ಒಲಿಸಿಕೊಳ್ಳುವಂತೆ ಹಾಡುತ್ತ ಈ ಹಾಡಿಗಳ ಜೇನು ಕುರುಬ ಮರ ಏರುತ್ತಾನೆ. ತುಪ್ಪ ತುಂಬಿದ ಎರಿಯನ್ನು ಕೊಯ್ದು, ಮರಿಯಿರುವುದನ್ನು ಬಿಟ್ಟು ಇಳಿದರೆ ಮರ ಮುಂದಿನ ವರ್ಷಕ್ಕೂ ಜೇನಿನ ಮನೆಯಾಗಿ ಉಳಿಯುತ್ತದೆ. ಯಾವ ಹೂವಿನ ಕಾಲಕ್ಕೆ ಯಾವ ರುಚಿ ಎಂಬುದು ಅವನ ನಾಲಿಗೆಗೆ ಗೊತ್ತು. ಇಂಥ ತಿಳಿವಳಿಕೆ ತರಬೇತಿ ಶಿಬಿರದಲ್ಲಿ ಸಿಗುವಂಥದ್ದಲ್ಲ. ಕಾಡಿಗೆ ಹೋಗುವ ತಂದೆಯ ಹಿಂದೆ ಮಗ ನಡೆದರಷ್ಟೇ ಅದು ಉಳಿದೀತು.

ಆ ನಡಿಗೆಯೇ ನಿಂತಿದೆ. 1972ರ ವನ್ಯಜೀವಿ ಕಾಯ್ದೆ, ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದದ್ದು, 2002ರ ತಿದ್ದುಪಡಿ ಒಂದರ ಮೇಲೊಂದು ಬಂದು ಕಿರು ಅರಣ್ಯ ಉತ್ಪನ್ನದ ಬಾಗಿಲು ಮುಚ್ಚುತ್ತಾ ಹೋಯಿತು. ಸರಕಿಲ್ಲದ ಮೇಲೆ ತಕ್ಕಡಿಗೇನು ಕೆಲಸ? ಕಾಡಿನಲ್ಲಿ ಸ್ವತಂತ್ರವಾಗಿದ್ದ ಕೈಗಳು ಕೊಡಗಿನ ಕಾಫಿ ತೋಟಗಳ ಕೂಲಿಗೆ ಹೋದವು.

ಸರ್ಕಾರ ಕೈಕಟ್ಟಿ ಕೂತಿಲ್ಲ. ಹಾಡಿಗಳಿಗೆ ಬೇಳೆ, ಮೊಟ್ಟೆ, ಎಣ್ಣೆ ಬರುತ್ತವೆ. ಗಿರಿಜನರ ಉತ್ಪನ್ನಕ್ಕೆ ಮೌಲ್ಯ ಕೂಡಿಸಲು 2018ರಲ್ಲಿ ವನಧನ ಯೋಜನೆ ಬಂತು. 2023ರ ನವೆಂಬರಿನಲ್ಲಿ ಆರಂಭವಾದ ಪಿಎಂ-ಜನಮನ್ ಕರ್ನಾಟಕದಲ್ಲಿ ಜೇನು ಕುರುಬರು ಮತ್ತು ಕೊರಗರಿಗೆ ಮನೆ, ರಸ್ತೆ, ಕುಡಿಯುವ ನೀರು ಕೊಡುವ ಯೋಜನೆ. ಇವೆಲ್ಲ ಬೇಕು, ಇನ್ನೂ ಹೆಚ್ಚೇ ಬೇಕು. ಆದರೆ ಮನೆಗೆ ಬೇಳೆ ಕೊಟ್ಟು ಕಸುಬನ್ನು ಕಸಿದರೆ ಅದು ಅರ್ಧ ನೆರವು.

2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನವನ್ನು ಸಂಗ್ರಹಿಸಿ ಮಾರುವ ಹಕ್ಕು ಆದಿವಾಸಿಯದೆಂದು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಪಕ್ಕದ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲೇ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೂ ಹುಲಿಗಳ ಕಾಡೇ. ಅಲ್ಲಿ ಆದದ್ದು ಇಲ್ಲಿ ಆಗಬಾರದೆನ್ನಲು ನನಗೆ ಕಾರಣ ಕಾಣುವುದಿಲ್ಲ. ಹಾಡಿಗಳ ಗ್ರಾಮಸಭೆಗಳು ಕೊಟ್ಟ ಅರ್ಜಿಗಳನ್ನು ಅಧಿಕಾರಿಗಳು ತಡಮಾಡದೆ ತೀರ್ಮಾನಿಸಬೇಕು.

ಕಬಿನಿಗೆ ಹೊರಟ ಓದುಗರೇ, ಹೆಗ್ಗಡದೇವನಕೋಟೆ ಪೇಟೆ ದಾಟುವಾಗ ಲ್ಯಾಂಪ್ಸ್ ಎಲ್ಲಿದೆ ಎಂದು ಕೇಳಿ. ಜೇನಿದ್ದರೆ ಕೊಳ್ಳಿ. ಇಲ್ಲವೆಂದರೆ, ಯಾಕಿಲ್ಲ ಎಂದು ಕೇಳಿ ಬನ್ನಿ.